ಅಪೆಕ್ಸ್ ಆ್ಯಪ್‌ನಲ್ಲಿ ಯಾರಿಗೆ ಯಾವ ಅನುಮತಿ: ಸಹಕಾರ ಸಂಘವೊಂದರ ಉದಾಹರಣೆಯೊಂದಿಗೆ ಮಾರ್ಗದರ್ಶಿ

ಸಹಕಾರ ಸಂಘಕ್ಕೆ ಠೇವಣಿ ಮತ್ತು ಸಾಲದ ಲೆಕ್ಕ ಇಡುವ ಆ್ಯಪ್ ಕಟ್ಟಿಕೊಡುವ ಕೆಲಸ ಮಂಗಳೂರಿನ ಅಥವಾ ಉಡುಪಿಯ ಸಣ್ಣ ಸಾಫ್ಟ್‌ವೇರ್ ಕಚೇರಿಗೆ ಬಂದಾಗ ಪುಟಗಳ ವಿನ್ಯಾಸ, ವರದಿ, ಪಾಸ್‌ಬುಕ್ ಮುದ್ರಣ ಇವುಗಳ ಬಗ್ಗೆ ಮೊದಲ ದಿನದಿಂದಲೇ ಚರ್ಚೆ ನಡೆಯುತ್ತದೆ. ಯಾರು ಯಾವ ಐಡಿಯಿಂದ ಒಳಗೆ ಬರಬೇಕು, ಬಂದವರು ಏನೇನು ಮಾಡಬಹುದು ಎಂಬ ಪ್ರಶ್ನೆ ಮಾತ್ರ ಹಸ್ತಾಂತರದ ಹಿಂದಿನ ಸಂಜೆಯವರೆಗೂ ಹಾಗೆಯೇ ಉಳಿದಿರುತ್ತದೆ. ಆಗ ಅವಸರದಲ್ಲಿ ಎಲ್ಲರಿಗೂ ಎಲ್ಲ ಅನುಮತಿ ಕೊಟ್ಟು ಕೆಲಸ ಮುಗಿಸುತ್ತಾರೆ. ಹಾಗೆ ಕೊಟ್ಟದ್ದನ್ನು ಮುಂದೆ ಯಾರೂ ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ.

ಒರಾಕಲ್ ಅಪೆಕ್ಸ್‌ನಲ್ಲಿ ಕೆಲಸ ಮಾಡುವವರಿಗಾಗಿ ಈ ಲೇಖನವನ್ನು ಬರೆದಿದ್ದೇನೆ. 2004ರಲ್ಲಿ ಎಚ್‌ಟಿಎಂಎಲ್ ಡಿಬಿ ಎಂಬ ಹೆಸರಿನಿಂದ ಹೊರಬಂದು, 2006ರಲ್ಲಿ ಅಪ್ಲಿಕೇಶನ್ ಎಕ್ಸ್‌ಪ್ರೆಸ್ ಎಂದು ಹೆಸರು ಬದಲಿಸಿಕೊಂಡ ಈ ಪರಿಸರವು ಒರಾಕಲ್ ಡೇಟಾಬೇಸ್‌ನ ಒಳಗೇ ಇದ್ದು, ಬ್ರೌಸರ್ ಮೂಲಕವೇ ಆ್ಯಪ್ ಕಟ್ಟಲು ಅವಕಾಶ ಕೊಡುತ್ತದೆ. ಡೇಟಾಬೇಸ್ ಇದ್ದವರಿಗೆ ಅಪೆಕ್ಸ್‌ಗೆಂದು ಪ್ರತ್ಯೇಕ ಶುಲ್ಕವಿಲ್ಲ. ಮೆನುಗಳ ಹೆಸರು ಒಂದು ಆವೃತ್ತಿಯಿಂದ ಇನ್ನೊಂದಕ್ಕೆ ಸ್ವಲ್ಪ ಬದಲಾಗುತ್ತದೆಯಾದರೂ ಮುಂದೆ ಹೇಳುವ ಕ್ರಮ ಬದಲಾಗುವುದಿಲ್ಲ.

ಉದಾಹರಣೆಗೆ ಉಡುಪಿಯಲ್ಲಿ ಪ್ರಧಾನ ಕಚೇರಿ, ಕಾಪು, ಮಲ್ಪೆ, ಕಾರ್ಕಳ, ಕುಂದಾಪುರಗಳಲ್ಲಿ ಶಾಖೆಗಳಿರುವ ಒಂದು ಕಾಲ್ಪನಿಕ ಸಂಘವನ್ನು ಇಟ್ಟುಕೊಳ್ಳೋಣ. ಅದರ ಮುಖ್ಯ ವ್ಯವಹಾರ ಪಿಗ್ಮಿ ಠೇವಣಿ. 1925ರಲ್ಲಿ ಉಡುಪಿಯಲ್ಲಿ ಹುಟ್ಟಿ ಮುಂದೆ ಸಿಂಡಿಕೇಟ್ ಬ್ಯಾಂಕ್ ಆದ ಸಂಸ್ಥೆಯು 1928ರಲ್ಲಿ ದಿನಕ್ಕೆ ಎರಡಾಣೆಯಷ್ಟು ಸಣ್ಣ ಮೊತ್ತವನ್ನೂ ಮನೆಬಾಗಿಲಿನಿಂದ ಸಂಗ್ರಹಿಸುವ ಈ ಪದ್ಧತಿಯನ್ನು ಆರಂಭಿಸಿತು. ಇಂದು ಕರಾವಳಿಯ ಸಂಘಗಳಲ್ಲಿ ಪಿಗ್ಮಿ ಏಜೆಂಟರು ಮೊಬೈಲ್ ಹಿಡಿದುಕೊಂಡು ಅಂಗಡಿ ಅಂಗಡಿ ಸುತ್ತುತ್ತಾರೆ. ಅನುಮತಿಯ ವಿಷಯವನ್ನು ಕಲಿಯಲು ಪಿಗ್ಮಿಗಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ. ಹಣ ಮುಟ್ಟುವವರು ಒಬ್ಬರು, ಲೆಕ್ಕಕ್ಕೆ ಸೇರಿಸುವವರು ಇನ್ನೊಬ್ಬರು, ಒಪ್ಪಿಗೆ ಕೊಡುವವರು ಮತ್ತೊಬ್ಬರು.

ಮೂರು ಬಗೆಯ ಖಾತೆಗಳನ್ನು ಬೇರೆ ಬೇರೆಯಾಗಿ ನೋಡಿ

ಅಪೆಕ್ಸ್‌ನಲ್ಲಿ ಆಗುವ ಬಹುಪಾಲು ಗೊಂದಲ ಮೂರು ಬಗೆಯ ಖಾತೆಗಳನ್ನು ಒಂದೇ ಎಂದು ತಿಳಿಯುವುದರಿಂದ ಹುಟ್ಟುತ್ತದೆ. ಮೊದಲನೆಯದು ಡೇಟಾಬೇಸ್ ಬಳಕೆದಾರ, ಅಂದರೆ ಸ್ಕೀಮಾ. ಟೇಬಲ್‌ಗಳು, ಅವುಗಳಿಂದ ಆಯ್ದ ಮಾಹಿತಿಯನ್ನು ತೋರಿಸುವ ವ್ಯೂಗಳು, ಕೋಡ್ ಇರುವ ಪ್ಯಾಕೇಜ್‌ಗಳು ಇರುವುದು ಇಲ್ಲಿ. ಎರಡನೆಯದು ವರ್ಕ್‌ಸ್ಪೇಸ್‌ನ, ಅಂದರೆ ಆ್ಯಪ್‌ಗಳನ್ನು ಕಟ್ಟಿ ಇಡುವ ಪ್ರತ್ಯೇಕ ಜಾಗದ, ಡೆವಲಪರ್ ಮತ್ತು ನಿರ್ವಾಹಕರ ಖಾತೆ. ಆ್ಯಪ್ ಕಟ್ಟುವವರು ಬಳಸುವುದು ಇದನ್ನು. ಮೂರನೆಯದು ಕಟ್ಟಿದ ಆ್ಯಪ್ ಬಳಸುವವರ ಖಾತೆ, ಅಂದರೆ ಕಾಪು ಶಾಖೆಯ ಕ್ಯಾಷಿಯರ್ ಬೆಳಿಗ್ಗೆ ಬಂದು ತೆರೆಯುವ ಲಾಗಿನ್.

ಈ ಕ್ಯಾಷಿಯರ್ ಡೇಟಾಬೇಸ್‌ನ ಬಳಕೆದಾರರೇ ಅಲ್ಲ ಎಂಬುದನ್ನು ಮನಸ್ಸಿನಲ್ಲಿ ಗಟ್ಟಿ ಮಾಡಿಕೊಳ್ಳಬೇಕು. ಬ್ರೌಸರ್‌ನಿಂದ ಬಂದ ಕೋರಿಕೆಯನ್ನು ಒಆರ್‌ಡಿಎಸ್ ಎಂಬ ಮಧ್ಯವರ್ತಿ ಸರ್ವರ್ ತನ್ನದೇ ಆದ, ಹೆಚ್ಚು ಅಧಿಕಾರವಿಲ್ಲದ ಒಂದು ಸಂಪರ್ಕ ಖಾತೆಯ ಮೂಲಕ ಡೇಟಾಬೇಸ್‌ಗೆ ತಲುಪಿಸುತ್ತದೆ. ಬಳಿಕ ಅಪೆಕ್ಸ್ ಆ ಪುಟದಲ್ಲಿರುವ ಎಸ್‌ಕ್ಯೂಎಲ್ ಅನ್ನು (ಡೇಟಾಬೇಸ್‌ಗೆ ಕೊಡುವ ಆದೇಶವನ್ನು) ಆ್ಯಪ್‌ಗೆ ಗೊತ್ತುಪಡಿಸಿರುವ ಪಾರ್ಸಿಂಗ್ ಸ್ಕೀಮಾದ ಅಧಿಕಾರದಲ್ಲಿ ನಡೆಸುತ್ತದೆ. ಕ್ಯಾಷಿಯರ್ ಬರಲಿ, ವ್ಯವಸ್ಥಾಪಕರು ಬರಲಿ, ಅಧ್ಯಕ್ಷರೇ ಬರಲಿ, ಡೇಟಾಬೇಸ್‌ನ ಹಕ್ಕುಗಳ ದೃಷ್ಟಿಯಲ್ಲಿ ಎಲ್ಲರೂ ಆ ಒಂದು ಸ್ಕೀಮಾ. ಒಬ್ಬರಿಗೆ ಕಾಣಿಸಿ ಇನ್ನೊಬ್ಬರಿಗೆ ಕಾಣಿಸಬಾರದು ಎಂಬ ವ್ಯತ್ಯಾಸವನ್ನು ಆ್ಯಪ್ ಕಟ್ಟುವವರೇ ಇಡಬೇಕಾಗುತ್ತದೆ. ಇಡದಿದ್ದರೆ ಅದು ತಾನಾಗಿ ಬರುವುದಿಲ್ಲ.

ಮೊದಲ ಹೆಜ್ಜೆ ಕಾಗದದ ಮೇಲೆ

ಕಂಪ್ಯೂಟರ್ ತೆರೆಯುವ ಮೊದಲು ಸಂಘದ ಕಾರ್ಯದರ್ಶಿಯವರ ಜತೆ ಕುಳಿತು ಕೆಲಸಗಳ ಪಟ್ಟಿ ಮಾಡಬೇಕು. ವ್ಯಕ್ತಿಗಳ ಪಟ್ಟಿ ಆಮೇಲೆ ಬರಲಿ. ನಮ್ಮ ಉದಾಹರಣೆಯಲ್ಲಿ ಪಿಗ್ಮಿ ಏಜೆಂಟ್, ಕ್ಯಾಷಿಯರ್, ಶಾಖಾ ವ್ಯವಸ್ಥಾಪಕ, ಪ್ರಧಾನ ಕಚೇರಿಯ ಲೆಕ್ಕಿಗ, ಲೆಕ್ಕ ಪರಿಶೋಧಕ, ಆ್ಯಪ್‌ನ ನಿರ್ವಾಹಕ ಎಂಬ ಆರು ಪಾತ್ರಗಳು ಸಾಕು. ಪ್ರತಿ ಪಾತ್ರದ ಎದುರಿಗೆ ನೋಡುವುದು, ಹೊಸದಾಗಿ ನಮೂದಿಸುವುದು, ತಿದ್ದುವುದು, ಪಾಸ್ ಮಾಡುವುದು (ಒಪ್ಪಿಗೆ ಕೊಡುವುದು), ಅಳಿಸುವುದು ಎಂಬ ಐದು ಕಾಲಂ ಹಾಕಿ, ಯಾವ ದಾಖಲೆಗೆ ಯಾವುದು ಬೇಕು ಎಂದು ಗುರುತು ಮಾಡುತ್ತಾ ಹೋಗಿ.

ಹೀಗೆ ಬರೆಯುವಾಗ ಕೆಲವು ಸಂಗತಿ ತಾನಾಗಿ ಎದ್ದು ಕಾಣುತ್ತದೆ. ವೋಚರ್ ನಮೂದಿಸಿದವರೇ ಅದನ್ನು ಪಾಸ್ ಮಾಡುವಂತಿರಬಾರದು. ಇದು ಬ್ಯಾಂಕಿನ ಹಳೆಯ ಶಿಸ್ತು, ಆ್ಯಪ್ ಬಂದ ಮಾತ್ರಕ್ಕೆ ಅದು ಸಡಿಲವಾಗಬೇಕಿಲ್ಲ. ಲೆಕ್ಕ ಪರಿಶೋಧಕರಿಗೆ ಎಲ್ಲ ಶಾಖೆಗಳ ಎಲ್ಲವೂ ಕಾಣಬೇಕು, ಆದರೆ ಒಂದಕ್ಷರವನ್ನೂ ಬದಲಿಸಲು ಬರಬಾರದು. ಅಳಿಸುವ ಕಾಲಂ ಬಹುತೇಕ ಖಾಲಿಯಾಗಿಯೇ ಉಳಿಯಬೇಕು, ಏಕೆಂದರೆ ಹಣದ ವ್ಯವಹಾರದಲ್ಲಿ ತಪ್ಪಾದ ನಮೂದಿಗೆ ವಿರುದ್ಧ ನಮೂದು ಹಾಕುತ್ತಾರೆಯೇ ಹೊರತು ಅಳಿಸುವುದಿಲ್ಲ. ಆ್ಯಪ್‌ನ ನಿರ್ವಾಹಕರಿಗೆ ಬಳಕೆದಾರರನ್ನು ಸೇರಿಸುವ ಅಧಿಕಾರವಿದ್ದರೆ ಸಾಕು, ವೋಚರ್ ಪಾಸ್ ಮಾಡುವ ಅಧಿಕಾರ ಅವರಿಗೇಕೆ? ಈ ಪ್ರಶ್ನೆಯನ್ನು ಕೇಳಿದಾಗ ಸಣ್ಣ ಸಂಘಗಳಲ್ಲಿ ‘ಇರುವುದೇ ನಾಲ್ಕು ಜನ’ ಎಂಬ ಉತ್ತರ ಬರುವುದುಂಟು. ಹಾಗಿದ್ದರೂ ಒಬ್ಬರಿಗೆ ಎರಡು ಪಾತ್ರಗಳನ್ನು ಕೊಡಬಹುದು, ಎರಡು ಪಾತ್ರಗಳನ್ನು ಕಲಸಿ ಒಂದು ಮಾಡಬಾರದು. ಮುಂದೆ ಐದನೆಯವರು ಕೆಲಸಕ್ಕೆ ಸೇರಿದಾಗ ಒಂದು ಪಾತ್ರವನ್ನು ಅವರಿಗೆ ವರ್ಗಾಯಿಸುವುದು ಆಗ ಸುಲಭವಾಗುತ್ತದೆ.

ಸ್ಕೀಮಾಗಳ ವ್ಯವಸ್ಥೆ

ಆ್ಯಪ್‌ನ ಪಾರ್ಸಿಂಗ್ ಸ್ಕೀಮಾದಲ್ಲಿಯೇ ಎಲ್ಲ ಟೇಬಲ್‌ಗಳನ್ನು ಇಡುವುದು ಸಾಮಾನ್ಯ ರೂಢಿ. ಕಲಿಕೆಗೆ ಅದು ಸರಿ. ಹಣದ ಲೆಕ್ಕ ಇರುವ ಕಡೆ ನಾನು ಎರಡು ಸ್ಕೀಮಾಗಳನ್ನು ಸೂಚಿಸುತ್ತೇನೆ: ಟೇಬಲ್‌ಗಳ ಒಡೆತನಕ್ಕೆ ಒಂದು, ಆ್ಯಪ್ ನಡೆಸಲು ಇನ್ನೊಂದು. ಎರಡನೆಯದಕ್ಕೆ ಟೇಬಲ್‌ಗಳ ನೇರ ಹಕ್ಕು ಕೊಡದೆ, ಓದಲು ವ್ಯೂಗಳ ಮೇಲೆ ಸೆಲೆಕ್ಟ್ ಹಕ್ಕನ್ನೂ ಬದಲಾವಣೆಗೆ ಪ್ಯಾಕೇಜ್‌ಗಳ ಮೇಲೆ ಎಕ್ಸಿಕ್ಯೂಟ್ ಹಕ್ಕನ್ನೂ ಮಾತ್ರ ಕೊಡಬೇಕು. ಆಗ ಆ್ಯಪ್‌ನ ಯಾವುದೋ ಪುಟದಲ್ಲಿ ಲೋಪವಿದ್ದರೂ ಠೇವಣಿ ಟೇಬಲ್‌ನಿಂದ ಸಾಲುಗಳನ್ನು ಅಳಿಸಲು ಆ ದಾರಿಯಲ್ಲಿ ಸಾಧ್ಯವಾಗುವುದಿಲ್ಲ.

ಇಲ್ಲಿ ಹೊಸಬರು ಸಿಕ್ಕಿಕೊಳ್ಳುವ ಒಂದು ಜಾಗವಿದೆ. ಹಕ್ಕುಗಳನ್ನೆಲ್ಲ ಒಂದು ಡೇಟಾಬೇಸ್ ರೋಲ್‌ಗೆ (ಹಕ್ಕುಗಳ ಒಂದು ಗುಂಪಿಗೆ) ಕೊಟ್ಟು, ಆ ರೋಲ್ ಅನ್ನು ಪಾರ್ಸಿಂಗ್ ಸ್ಕೀಮಾಕ್ಕೆ ಗ್ರಾಂಟ್ ಮಾಡುತ್ತಾರೆ. ಎಸ್‌ಕ್ಯೂಎಲ್ ಡೆವಲಪರ್ ಎಂಬ ಒರಾಕಲ್‌ನ ಸಾಧನದಲ್ಲಿ ಅದೇ ಸ್ಕೀಮಾದಿಂದ ಲಾಗಿನ್ ಆಗಿ ಕ್ವೆರಿ ಓಡಿಸಿದರೆ ಫಲಿತಾಂಶ ಸರಿಯಾಗಿ ಬರುತ್ತದೆ. ಅದೇ ಕ್ವೆರಿಯನ್ನು ಅಪೆಕ್ಸ್ ಪುಟಕ್ಕೆ ಅಂಟಿಸಿದರೆ ‘ಓರಾ-00942’, ಅಂದರೆ ಟೇಬಲ್ ಅಥವಾ ವ್ಯೂ ಇಲ್ಲ ಎಂಬ ದೋಷ. ಟೇಬಲ್ ಕಣ್ಣೆದುರಿಗೇ ಇದೆ, ಹೆಸರಿನಲ್ಲಿ ತಪ್ಪಿಲ್ಲ, ಆದರೂ ಇಲ್ಲವೆನ್ನುತ್ತದೆ. ಕಾರಣ ಇಷ್ಟೇ: ಅಪೆಕ್ಸ್ ಪಾರ್ಸಿಂಗ್ ಸ್ಕೀಮಾದ ಪರವಾಗಿ ಕೋಡ್ ನಡೆಸುವಾಗ ರೋಲ್ ಮೂಲಕ ಬಂದ ಹಕ್ಕುಗಳು ಲೆಕ್ಕಕ್ಕೆ ಬರುವುದಿಲ್ಲ, ಆ ಸ್ಕೀಮಾಕ್ಕೆ ನೇರವಾಗಿ ಗ್ರಾಂಟ್ ಮಾಡಿದವು ಮಾತ್ರ ನಡೆಯುತ್ತವೆ. ಈ ದೋಷ ಕಂಡಾಗ ಹತಾಶೆಯಿಂದ ಎಲ್ಲ ಟೇಬಲ್‌ಗಳನ್ನೂ ಓದಬಲ್ಲ ‘ಸೆಲೆಕ್ಟ್ ಎನಿ ಟೇಬಲ್’ ಹಕ್ಕನ್ನು ಕೊಟ್ಟುಬಿಡುವವರಿದ್ದಾರೆ. ಅದು ಬಾಗಿಲು ತೆರೆಯಲಿಲ್ಲವೆಂದು ಗೋಡೆಯನ್ನೇ ಕೆಡವಿದ ಹಾಗೆ. ಬೇಕಾದ ವ್ಯೂ ಒಂದಕ್ಕೆ ನೇರ ಗ್ರಾಂಟ್ ಕೊಟ್ಟರೆ ದೋಷ ಹೋಗುತ್ತದೆ.

ವರ್ಕ್‌ಸ್ಪೇಸ್ ಮತ್ತು ಅದರ ನಿರ್ವಾಹಕರು

ಅಪೆಕ್ಸ್ ಅಳವಡಿಸಿದ ಇಡೀ ವ್ಯವಸ್ಥೆಯನ್ನು ಇನ್‌ಸ್ಟನ್ಸ್ ಎನ್ನುತ್ತಾರೆ. ಅದರ ನಿರ್ವಾಹಕರು ‘ಇಂಟರ್ನಲ್’ ಎಂಬ ವಿಶೇಷ ವರ್ಕ್‌ಸ್ಪೇಸ್ ಮೂಲಕ ಒಳಬಂದು ಹೊಸ ವರ್ಕ್‌ಸ್ಪೇಸ್‌ಗಳನ್ನು ರಚಿಸುತ್ತಾರೆ ಮತ್ತು ಯಾವ ವರ್ಕ್‌ಸ್ಪೇಸ್‌ಗೆ ಯಾವ ಸ್ಕೀಮಾಗಳು ಸಿಗಬೇಕೆಂದು ನಿರ್ಧರಿಸುತ್ತಾರೆ. ಆ ಖಾತೆಯನ್ನು ದಿನನಿತ್ಯದ ಕೆಲಸಕ್ಕೆ ಬಳಸಬೇಡಿ. ಟೇಬಲ್ ಒಡೆತನದ ಸ್ಕೀಮಾವನ್ನು ವರ್ಕ್‌ಸ್ಪೇಸ್‌ಗೆ ಜೋಡಿಸದೆ, ಆ್ಯಪ್ ನಡೆಸುವ ಸ್ಕೀಮಾವನ್ನು ಮಾತ್ರ ಜೋಡಿಸುವುದು ಈ ಹಂತದಲ್ಲಿ ನೆನಪಿಡಬೇಕಾದ ವಿಷಯ; ಎರಡನ್ನೂ ಜೋಡಿಸಿದರೆ ಹಿಂದಿನ ಹೆಜ್ಜೆಯ ಶ್ರಮವೆಲ್ಲ ವ್ಯರ್ಥ.

ವರ್ಕ್‌ಸ್ಪೇಸ್‌ಗೆ ಇಬ್ಬರು ನಿರ್ವಾಹಕರಿರಲಿ. ಒಬ್ಬರೇ ಇದ್ದು ಅವರು ರಜೆಯಲ್ಲಿದ್ದಾಗ ಲಾಕ್ ಆದ ಒಂದು ಖಾತೆಯನ್ನು ಬಿಡಿಸಲು ಇಡೀ ಕಚೇರಿ ಕಾಯಬೇಕಾಗುತ್ತದೆ. ಹಾಗೆಂದು ಐದು ಜನರನ್ನೂ ನಿರ್ವಾಹಕರನ್ನಾಗಿ ಮಾಡಿದರೆ, ಯಾರನ್ನು ಯಾರು ಸೇರಿಸಿದರು ಎಂಬುದೇ ತಿಳಿಯುವುದಿಲ್ಲ.

ಡೆವಲಪರ್ ಖಾತೆ ತೆರೆಯುವುದು

ವರ್ಕ್‌ಸ್ಪೇಸ್ ನಿರ್ವಾಹಕರಾಗಿ ಲಾಗಿನ್ ಆಗಿ, ಮೇಲ್ಭಾಗದ ಅಡ್ಮಿನಿಸ್ಟ್ರೇಶನ್ ಮೆನುವಿನಿಂದ ‘ಮ್ಯಾನೇಜ್ ಯೂಸರ್ಸ್ ಆ್ಯಂಡ್ ಗ್ರೂಪ್ಸ್’ ತೆರೆದು ‘ಕ್ರಿಯೇಟ್ ಯೂಸರ್’ ಒತ್ತಿದರೆ ನಮೂನೆ ಬರುತ್ತದೆ. ಹೆಸರು, ಇಮೇಲ್, ಪಾಸ್‌ವರ್ಡ್ ತುಂಬುವುದರಲ್ಲಿ ವಿಶೇಷವಿಲ್ಲ. ‘ಡೀಫಾಲ್ಟ್ ಸ್ಕೀಮಾ’ ಎಂಬಲ್ಲಿ ಆ್ಯಪ್‌ನ ಸ್ಕೀಮಾವನ್ನು ಆರಿಸಿ. ಅದರ ಜತೆಗಿರುವ ‘ಆ್ಯಕ್ಸೆಸಿಬಲ್ ಸ್ಕೀಮಾಸ್’ ಎಂಬ ಚೌಕವನ್ನು ಬಹುತೇಕರು ಖಾಲಿ ಬಿಡುತ್ತಾರೆ. ಖಾಲಿ ಎಂದರೆ ಯಾವುದೂ ಇಲ್ಲ ಎಂದಲ್ಲ. ವರ್ಕ್‌ಸ್ಪೇಸ್‌ಗೆ ಜೋಡಿಸಿದ ಎಲ್ಲ ಸ್ಕೀಮಾಗಳೂ ಸಿಗಲಿ ಎಂದು ಅರ್ಥ. ಒಂದೇ ವರ್ಕ್‌ಸ್ಪೇಸ್‌ನಲ್ಲಿ ಹಲವು ಗ್ರಾಹಕರ ಕೆಲಸ ಇಟ್ಟುಕೊಂಡವರು ಇಲ್ಲಿ ಹೆಸರನ್ನು ಸ್ಪಷ್ಟವಾಗಿ ನಮೂದಿಸಲೇಬೇಕು.

ಅದರ ಕೆಳಗೆ ನಿರ್ವಾಹಕರೇ, ಡೆವಲಪರ್ ಆಗಿದ್ದಾರೆಯೇ ಎಂಬ ಎರಡು ಆಯ್ಕೆಗಳೂ, ಪುಟಗಳನ್ನು ಕಟ್ಟುವ ಆ್ಯಪ್ ಬಿಲ್ಡರ್, ನೇರವಾಗಿ ಕ್ವೆರಿ ಓಡಿಸುವ ಎಸ್‌ಕ್ಯೂಎಲ್ ವರ್ಕ್‌ಶಾಪ್ ಮುಂತಾದವುಗಳಿಗೆ ಪ್ರತ್ಯೇಕ ಅನುಮತಿಗಳೂ ಇರುತ್ತವೆ. ಮೊದಲ ಬಾರಿ ಒಳಬಂದಾಗ ಪಾಸ್‌ವರ್ಡ್ ಬದಲಿಸಲೇಬೇಕು ಎಂಬ ಆಯ್ಕೆಯನ್ನು ಹೌದು ಎಂದಿಡಿ. ನಮ್ಮ ಜಿಲ್ಲೆಗಳ ಎಂಜಿನಿಯರಿಂಗ್ ಕಾಲೇಜುಗಳಿಂದ ಇಂಟರ್ನ್‌ಶಿಪ್‌ಗೆ ಬರುವ ವಿದ್ಯಾರ್ಥಿಗಳಿಗೆ ಆ್ಯಪ್ ಬಿಲ್ಡರ್ ಕೊಟ್ಟು ಎಸ್‌ಕ್ಯೂಎಲ್ ವರ್ಕ್‌ಶಾಪ್ ತಡೆಹಿಡಿಯುವ ಕ್ರಮ ಹಲವೆಡೆ ಇದೆ. ಅದರಿಂದ ಆಕಸ್ಮಿಕ ಅನಾಹುತ ತಪ್ಪುತ್ತದೆ, ಆದರೆ ಅದನ್ನು ಭದ್ರತೆ ಎಂದು ತಿಳಿಯಬಾರದು. ಆ್ಯಪ್ ಬಿಲ್ಡರ್ ಇದ್ದವರು ಹೊಸ ಪುಟವೊಂದನ್ನು ಮಾಡಿ ಅದರಲ್ಲಿ ತಮಗೆ ಬೇಕಾದ ಕ್ವೆರಿ ಬರೆದರೆ ಅದು ಪಾರ್ಸಿಂಗ್ ಸ್ಕೀಮಾದ ಪೂರ್ಣ ಅಧಿಕಾರದಲ್ಲಿಯೇ ನಡೆಯುತ್ತದೆ.

ಇದರಿಂದ ಬರುವ ನಿರ್ಣಯ ಒಂದೇ. ಡೆವಲಪ್‌ಮೆಂಟ್ ನಡೆಯುವ ವರ್ಕ್‌ಸ್ಪೇಸ್‌ನಲ್ಲಿ ಸಂಘದ ಸದಸ್ಯರ ನಿಜವಾದ ಹೆಸರು, ಆಧಾರ್ ಸಂಖ್ಯೆ, ಬಾಕಿ ಮೊತ್ತ ಇರಲೇಬಾರದು. ಪರೀಕ್ಷೆಗೆ ಕಟ್ಟುಕತೆಯ ಹೆಸರುಗಳನ್ನು ತುಂಬಿ, ಅಥವಾ ನಿಜ ಮಾಹಿತಿಯನ್ನು ಗುರುತು ಸಿಗದಂತೆ ಬದಲಿಸಿ ಬಳಸಿ. ಡೆವಲಪರ್‌ನನ್ನು ಡೇಟಾದಿಂದ ದೂರವಿಡಲು ಅನುಮತಿಯ ಗುಂಡಿಗಳಿಗಿಂತ ಬೇರೆ ಡೇಟಾಬೇಸ್ ಹೆಚ್ಚು ನಂಬಿಕೆಗೆ ಅರ್ಹ.

ಆ್ಯಪ್ ಬಳಸುವವರ ಖಾತೆಗಳು

ಇಲ್ಲಿ ಮೊದಲು ಅಥೆಂಟಿಕೇಶನ್, ಅಂದರೆ ಒಳಬರುವವರು ಯಾರೆಂದು ಖಚಿತಪಡಿಸುವ ವಿಧಾನ, ಯಾವ ಬಗೆಯದು ಎಂದು ತೀರ್ಮಾನಿಸಬೇಕು. ವರ್ಕ್‌ಸ್ಪೇಸ್‌ನಲ್ಲಿಯೇ ಇಡುವ ಅಪೆಕ್ಸ್ ಖಾತೆಗಳು, ಸಂಸ್ಥೆಯ ಬಳಕೆದಾರರ ಕೇಂದ್ರ ಪಟ್ಟಿಯನ್ನು ಬಳಸುವ ಎಲ್‌ಡಿಎಪಿ, ಗೂಗಲ್ ಅಥವಾ ಮೈಕ್ರೋಸಾಫ್ಟ್ ಲಾಗಿನ್ ಬಳಸುವ ಸೋಶಿಯಲ್ ಸೈನ್-ಇನ್, ಸ್ವಂತ ಟೇಬಲ್ ಆಧಾರಿತ ವಿಧಾನ ಇವು ಮುಖ್ಯ ಆಯ್ಕೆಗಳು. ಸಂಘದ ಸಿಬ್ಬಂದಿಗೆಲ್ಲ ಸಂಸ್ಥೆಯ ಇಮೇಲ್ ಇದ್ದರೆ ಸೋಶಿಯಲ್ ಸೈನ್-ಇನ್ ಅತ್ಯುತ್ತಮ, ಏಕೆಂದರೆ ಕೆಲಸ ಬಿಟ್ಟವರ ಇಮೇಲ್ ಮುಚ್ಚಿದ ಕೂಡಲೇ ಆ್ಯಪ್‌ಗೆ ಹೊಸದಾಗಿ ಲಾಗಿನ್ ಆಗುವ ದಾರಿಯೂ ಮುಚ್ಚುತ್ತದೆ. ಇಮೇಲ್ ಇಲ್ಲದ ಸಣ್ಣ ಸಂಘಕ್ಕೆ ಅಪೆಕ್ಸ್ ಖಾತೆಗಳೇ ಸಾಕು. ಸ್ವಂತ ಟೇಬಲ್‌ನಲ್ಲಿ ಪಾಸ್‌ವರ್ಡ್ ಇಡುವ ಸಾಹಸಕ್ಕೆ, ಅದೂ ಓದಲು ಬರುವ ಅಕ್ಷರಗಳಲ್ಲಿ ಇಡುವ ಸಾಹಸಕ್ಕೆ, ಕೈಹಾಕದಿರುವುದು ಒಳ್ಳೆಯದು.

ಅಪೆಕ್ಸ್ ಖಾತೆ ತೆರೆಯುವಾಗ ಅದೇ ನಮೂನೆಯಲ್ಲಿ ನಿರ್ವಾಹಕ, ಡೆವಲಪರ್ ಎಂಬ ಎರಡಕ್ಕೂ ‘ಇಲ್ಲ’ ಎಂದಿದೆಯೇ ಎಂದು ಪ್ರತಿ ಸಲವೂ ನೋಡಿ. ಒಂದು ಖಾತೆಗೆ ತಪ್ಪಿ ‘ಹೌದು’ ಎಂದಾದರೆ, ಆ ಕ್ಯಾಷಿಯರ್ ಡೆವಲಪ್‌ಮೆಂಟ್ ಪರಿಸರಕ್ಕೇ ಲಾಗಿನ್ ಆಗಬಲ್ಲರು.

ಖಾತೆ ವ್ಯಕ್ತಿಗೆ ಇರಬೇಕು, ಕುರ್ಚಿಗೆ ಅಲ್ಲ. ‘ಕಾಪು ಕ್ಯಾಷಿಯರ್’ ಎಂಬ ಒಂದೇ ಐಡಿಯನ್ನು ಮೂರು ಜನ ಸರದಿಯಲ್ಲಿ ಬಳಸುವ ಶಾಖೆಯಲ್ಲಿ, ತಿಂಗಳ ಕೊನೆಗೆ ಮೊತ್ತ ತಾಳೆಯಾಗದಿದ್ದರೆ ಯಾರನ್ನು ಕೇಳುವುದು? ಕೌಂಟರಿನಲ್ಲಿ ಜನ ನಿಂತಿರುವಾಗ ‘ನನ್ನ ಐಡಿಯಲ್ಲೇ ಮಾಡಿ ಮಾರಾಯ್ರೆ, ಅದಕ್ಕೆಂತ ಆಗುದಿಲ್ಲ’ ಎಂಬ ಮಾತು ಸಹಜವಾಗಿಯೇ ಬರುತ್ತದೆ, ಅದರಲ್ಲಿ ಕೆಟ್ಟ ಉದ್ದೇಶವೂ ಇರುವುದಿಲ್ಲ. ಆದರೆ ಆ ದಿನದ ದಾಖಲೆಯಲ್ಲಿ ಹೆಸರು ಉಳಿಯುವುದು ಐಡಿ ಕೊಟ್ಟವರದ್ದು. ಸಿಬ್ಬಂದಿಗೆ ನಿಯಮ ಹೇಳುವ ಬದಲು ಈ ಒಂದು ಪರಿಣಾಮವನ್ನು ತಿಳಿಸಿದರೆ ಬೇಗ ಅರ್ಥವಾಗುತ್ತದೆ. ಬದಲಿ ಸಿಬ್ಬಂದಿಗೂ ಮೊದಲೇ ಖಾತೆ ತೆರೆದಿಟ್ಟಿದ್ದರೆ ಐಡಿ ಎರವಲು ಪಡೆಯುವ ಅಗತ್ಯವೇ ಬರುವುದಿಲ್ಲ.

ಇನ್ನೊಂದು ಮಾತು. ಒಂದೇ ವರ್ಕ್‌ಸ್ಪೇಸ್‌ನಲ್ಲಿರುವ ಎರಡು ಆ್ಯಪ್‌ಗಳೂ ಅಪೆಕ್ಸ್ ಖಾತೆಗಳನ್ನೇ ಬಳಸುತ್ತಿದ್ದರೆ, ಒಂದರ ಬಳಕೆದಾರರು ಇನ್ನೊಂದಕ್ಕೂ ಅದೇ ಪಾಸ್‌ವರ್ಡ್‌ನಿಂದ ಪ್ರವೇಶಿಸಬಲ್ಲರು. ಪಿಗ್ಮಿ ಆ್ಯಪ್‌ಗೆಂದು ತೆರೆದ ಏಜೆಂಟರ ಐಡಿಯಿಂದ ಸಿಬ್ಬಂದಿಯ ವೇತನದ ಆ್ಯಪ್ ತೆರೆದುಕೊಂಡರೆ ಆಶ್ಚರ್ಯಪಡಬೇಕಿಲ್ಲ. ಲಾಗಿನ್ ಆಗುವುದು ಬೇರೆ, ಒಳಗೆ ಅನುಮತಿ ಇರುವುದು ಬೇರೆ. ಎರಡನೆಯದಕ್ಕೆ ಮುಂದಿನ ಹೆಜ್ಜೆ.

ಪಾತ್ರಗಳು ಮತ್ತು ಆಥರೈಸೇಶನ್ ಸ್ಕೀಮ್‌ಗಳು

ಆ್ಯಪ್ ರಚಿಸುವಾಗಲೇ ‘ಆ್ಯಕ್ಸೆಸ್ ಕಂಟ್ರೋಲ್’ ಸೌಲಭ್ಯವನ್ನು ಸೇರಿಸಿಕೊಂಡರೆ ಅಡ್ಮಿನಿಸ್ಟ್ರೇಟರ್, ಕಾಂಟ್ರಿಬ್ಯೂಟರ್, ರೀಡರ್ ಎಂಬ ಮೂರು ಪಾತ್ರಗಳೂ ಅವುಗಳಿಗೆ ತಕ್ಕಂತೆ ಯಾರಿಗೆ ಅನುಮತಿಯಿದೆ ಎಂದು ಪರಿಶೀಲಿಸುವ ಆಥರೈಸೇಶನ್ ಸ್ಕೀಮ್‌ಗಳೂ, ಬಳಕೆದಾರರಿಗೆ ಪಾತ್ರ ಹಂಚುವ ಪುಟವೂ ಸಿದ್ಧವಾಗಿ ಬರುತ್ತವೆ. ಈ ಪುಟದ ದೊಡ್ಡ ಉಪಯೋಗವೆಂದರೆ, ಹೊಸ ಸಿಬ್ಬಂದಿಗೆ ಪಾತ್ರ ಕೊಡಲು ಸಂಘದವರು ಡೆವಲಪರ್‌ಗೆ ಫೋನ್ ಮಾಡಬೇಕಾಗಿಲ್ಲ. ಅಲ್ಲಿಯ ಒಂದು ಆಯ್ಕೆ, ದೃಢೀಕರಣಗೊಂಡ ಯಾರು ಬೇಕಾದರೂ ಆ್ಯಪ್ ಬಳಸಬಹುದೇ, ಪಟ್ಟಿಯಲ್ಲಿರುವವರು ಮಾತ್ರವೇ ಎಂದು ಕೇಳುತ್ತದೆ. ಪಟ್ಟಿಯಲ್ಲಿರುವವರು ಮಾತ್ರ ಎಂಬುದನ್ನೇ ಆರಿಸಿ. ಮೇಲೆ ಹೇಳಿದ ವೇತನದ ಆ್ಯಪ್‌ನ ತೊಂದರೆ ಅಲ್ಲಿಗೆ ಮುಗಿಯುತ್ತದೆ.

ಸಿದ್ಧವಾಗಿ ಬಂದ ಮೂರು ಪಾತ್ರಗಳು ನಮ್ಮ ಸಂಘಕ್ಕೆ ಸಾಲವು. ‘ಶೇರ್ಡ್ ಕಾಂಪೊನೆಂಟ್ಸ್’ ಒಳಗಿನ ‘ಅಪ್ಲಿಕೇಶನ್ ಆ್ಯಕ್ಸೆಸ್ ಕಂಟ್ರೋಲ್’ ತೆರೆದು ಕಾಗದದ ಮೇಲೆ ಬರೆದ ಆರು ಪಾತ್ರಗಳನ್ನು ಸೇರಿಸಿ. ಬಳಿಕ ‘ಆಥರೈಸೇಶನ್ ಸ್ಕೀಮ್ಸ್’ನಲ್ಲಿ ‘ಈಸ್ ಇನ್ ರೋಲ್ ಆರ್ ಗ್ರೂಪ್’ ಬಗೆಯ ಸ್ಕೀಮ್‌ಗಳನ್ನು ರಚಿಸಬೇಕು. ಸ್ಕೀಮ್‌ಗಳಿಗೆ ಪಾತ್ರದ ಹೆಸರು ಇಡುವುದಕ್ಕಿಂತ ಕೆಲಸದ ಹೆಸರು ಇಡುವುದು ಮೇಲು: ‘ವೋಚರ್ ಪಾಸ್ ಮಾಡಬಹುದು’, ‘ಎಲ್ಲ ಶಾಖೆ ನೋಡಬಹುದು’. ನಾಳೆ ಆಡಳಿತ ಮಂಡಳಿಯು ಪ್ರಧಾನ ಕಚೇರಿಯ ಲೆಕ್ಕಿಗರಿಗೂ ಪಾಸ್ ಮಾಡುವ ಅಧಿಕಾರ ಕೊಟ್ಟರೆ ಒಂದು ಸ್ಕೀಮ್‌ಗೆ ಒಂದು ಪಾತ್ರ ಸೇರಿಸಿದರಾಯಿತು, ಪುಟಗಳನ್ನು ಹುಡುಕಿ ತಿದ್ದುವ ಕೆಲಸವಿಲ್ಲ.

ಸ್ಕೀಮ್ ಅನ್ನು ಎಲ್ಲಿ ಹಚ್ಚಬೇಕು ಎಂಬುದೇ ಇಡೀ ವಿಷಯದ ತಿರುಳು. ಮೆನುವಿನಲ್ಲಿ ‘ವೋಚರ್ ಪಾಸ್’ ಎಂಬ ಸಾಲನ್ನು ಕ್ಯಾಷಿಯರ್‌ಗೆ ಕಾಣದಂತೆ ಮಾಡಿದ ಮಾತ್ರಕ್ಕೆ ಪುಟ ಮುಚ್ಚಿದಂತಾಗಲಿಲ್ಲ. ಬ್ರೌಸರ್‌ನ ಮೇಲಿನ ವಿಳಾಸಪಟ್ಟಿಯಲ್ಲಿ ಪುಟದ ಹೆಸರು ಅಥವಾ ಸಂಖ್ಯೆ ಬದಲಿಸಿದರೆ ಆ ಪುಟ ತೆರೆದುಕೊಳ್ಳುವ ಸಾಧ್ಯತೆ ಇದ್ದೇ ಇದೆ. ಆದ್ದರಿಂದ ಸ್ಕೀಮ್ ಪುಟಕ್ಕೂ ಇರಬೇಕು. ಒಂದೇ ಪುಟವನ್ನು ಕ್ಯಾಷಿಯರ್ ನೋಡಬಹುದು ಆದರೆ ಪಾಸ್ ಮಾಡಬಾರದು ಎಂದಿದ್ದರೆ ಗುಂಡಿಗೆ ಹಚ್ಚಬೇಕು. ಗುಂಡಿಗೆ ಹಚ್ಚಿದ್ದನ್ನು ಅದರ ಹಿಂದೆ ನಡೆಯುವ ಪ್ರೊಸೆಸ್‌ಗೂ ಹಚ್ಚಬೇಕು, ಏಕೆಂದರೆ ಗುಂಡಿ ಕಾಣದಿದ್ದರೂ ಪುಟವನ್ನು ಸಬ್ಮಿಟ್ ಮಾಡುವ ಕೋರಿಕೆಯನ್ನು ಬ್ರೌಸರ್‌ನ ಡೆವಲಪರ್ ಟೂಲ್ಸ್ ಬಲ್ಲವರು ಕಳುಹಿಸಬಲ್ಲರು. ಪುಟ, ಗುಂಡಿ, ಪ್ರೊಸೆಸ್ ಈ ಮೂರರಲ್ಲಿ ಪ್ರೊಸೆಸ್ ಬಿಟ್ಟುಹೋಗುವುದೇ ಹೆಚ್ಚು, ಕಣ್ಣಿಗೆ ಕಾಣದ್ದು ಅದೊಂದೇ ಆದ್ದರಿಂದ.

ಇನ್ನು ಸ್ಕೀಮ್ ಅನ್ನು ಯಾವಾಗ ಪರಿಶೀಲಿಸಬೇಕು ಎಂಬ ಆಯ್ಕೆ. ವಾಡಿಕೆಯಂತೆ ಅದು ‘ಸೆಷನ್‌ಗೆ ಒಮ್ಮೆ’ ಎಂದಿರುತ್ತದೆ: ಲಾಗಿನ್ ಆದ ಮೇಲೆ ಒಮ್ಮೆ ಸಿಕ್ಕಿದ ಉತ್ತರವನ್ನೇ ಕೊನೆಯವರೆಗೂ ಬಳಸುತ್ತದೆ. ವೇಗಕ್ಕೆ ಇದು ಒಳ್ಳೆಯದು. ಆದರೆ ಬೆಳಿಗ್ಗೆ ಲಾಗಿನ್ ಆದ ವ್ಯವಸ್ಥಾಪಕರ ಪಾತ್ರವನ್ನು ಮಧ್ಯಾಹ್ನ ತೆಗೆದುಹಾಕಿದರೆ, ಅವರು ಲಾಗ್ ಔಟ್ ಆಗುವವರೆಗೆ ಹಳೆಯ ಅಧಿಕಾರವೇ ಮುಂದುವರಿಯುತ್ತದೆ. ವರದಿಗಳಿಗೆ ಸೆಷನ್‌ಗೆ ಒಮ್ಮೆ ಇರಲಿ, ಹಣಕ್ಕೆ ಸಂಬಂಧಿಸಿದ ಸ್ಕೀಮ್‌ಗಳಿಗೆ ಪ್ರತಿ ಪುಟಕ್ಕೆ ಒಮ್ಮೆ ಎಂದು ಬದಲಿಸಿ.

ಪಿಗ್ಮಿ ಏಜೆಂಟರಿಗೆ ತಮ್ಮ ಗ್ರಾಹಕರು ಮಾತ್ರ

ಪಾತ್ರಗಳಿಂದ ಪುಟಗಳನ್ನು ಬೇರ್ಪಡಿಸಬಹುದು, ಸಾಲುಗಳನ್ನು ಬೇರ್ಪಡಿಸಲು ಬರುವುದಿಲ್ಲ. ಮಲ್ಪೆಯ ಏಜೆಂಟರೂ ಕಾರ್ಕಳದ ಏಜೆಂಟರೂ ಒಂದೇ ಪುಟ ತೆರೆಯುತ್ತಾರೆ. ಒಬ್ಬರಿಗೆ ಇನ್ನೊಬ್ಬರ ಗ್ರಾಹಕರು ಕಾಣಬಾರದು. ಪ್ರತಿ ಪುಟದ ಪ್ರತಿ ಕ್ವೆರಿಯಲ್ಲಿ ಸಾಲುಗಳನ್ನು ಆಯುವ ವೇರ್ ಷರತ್ತು ಬರೆಯುತ್ತಾ ಹೋದರೆ ಎಲ್ಲೋ ಒಂದು ಕಡೆ ಮರೆತುಹೋಗುವುದು ಖಂಡಿತ. ಆ ಷರತ್ತನ್ನು ಒಂದೇ ವ್ಯೂನಲ್ಲಿ ಇಡಿ. ಲಾಗಿನ್ ಆದವರ ಹೆಸರನ್ನು ಅಪೆಕ್ಸ್ ತನ್ನ ಸೆಷನ್ ಕಾಂಟೆಕ್ಸ್ಟ್‌ನಲ್ಲಿ ಇಟ್ಟಿರುತ್ತದೆ. ಸಿಸ್ ಕಾಂಟೆಕ್ಸ್ಟ್ ಫಂಕ್ಷನ್ ಮೂಲಕ ಅದನ್ನು ಪಡೆದು ಠೇವಣಿ ಟೇಬಲ್‌ನ ಏಜೆಂಟ್ ಕಾಲಂ ಜತೆ ಹೋಲಿಸುವ ವ್ಯೂ ರಚಿಸಿ, ಆ್ಯಪ್‌ನ ಸ್ಕೀಮಾಕ್ಕೆ ಆ ವ್ಯೂ ಮಾತ್ರ ಕೊಡಿ. ಸ್ಕೀಮಾಗಳನ್ನು ಎರಡು ಮಾಡಿದ್ದರ ಪ್ರಯೋಜನ ಇಲ್ಲಿ ಕೈಗೆ ಸಿಗುತ್ತದೆ, ಏಕೆಂದರೆ ಮೂಲ ಟೇಬಲ್ ತಲುಪುವ ಹಕ್ಕೇ ಆ್ಯಪ್‌ಗೆ ಇರುವುದಿಲ್ಲ.

ಅಪೆಕ್ಸ್ ಖಾತೆಗಳಲ್ಲಿ ಬಳಕೆದಾರರ ಹೆಸರು ದೊಡ್ಡಕ್ಷರಗಳಲ್ಲಿ ಬರುತ್ತದೆ. ಟೇಬಲ್‌ನಲ್ಲಿ ಅದೇ ಹೆಸರು ಸಣ್ಣಕ್ಷರದಲ್ಲಿದ್ದರೆ ಹೋಲಿಕೆ ತಪ್ಪಿ, ಏಜೆಂಟರಿಗೆ ಖಾಲಿ ಪಟ್ಟಿ ಕಾಣಿಸುತ್ತದೆ. ದೋಷದ ಸಂದೇಶವೂ ಬರುವುದಿಲ್ಲ. ಟೇಬಲ್‌ಗೆ ತುಂಬುವಾಗಲೇ ದೊಡ್ಡಕ್ಷರಕ್ಕೆ ಬದಲಿಸುವುದು ಸರಳ ಪರಿಹಾರ. ವರ್ಚುವಲ್ ಪ್ರೈವೇಟ್ ಡೇಟಾಬೇಸ್ ಎಂಬ ಒರಾಕಲ್‌ನ ಸೌಲಭ್ಯವು ಇದೇ ಕೆಲಸವನ್ನು ಟೇಬಲ್ ಮಟ್ಟದಲ್ಲಿಯೇ ಮಾಡುತ್ತದೆಯಾದರೂ ಅದು ಸ್ಟ್ಯಾಂಡರ್ಡ್ ಎಡಿಷನ್‌ನಲ್ಲಿ ಸಿಗುವುದಿಲ್ಲ, ಎಂಟರ್‌ಪ್ರೈಸ್ ಎಡಿಷನ್ ಬೇಕು. ಸಣ್ಣ ಸಂಘಕ್ಕೆ ವ್ಯೂ ಸಾಕು.

ವಿವರ ಪುಟಗಳಿಗೆ ಠೇವಣಿ ಸಂಖ್ಯೆಯನ್ನು ವಿಳಾಸದ ಮೂಲಕ ಕಳುಹಿಸುವ ಕಡೆ, ಪುಟದ ಭದ್ರತಾ ವಿಭಾಗದಲ್ಲಿ ‘ಆರ್ಗ್ಯುಮೆಂಟ್ಸ್ ಮಸ್ಟ್ ಹ್ಯಾವ್ ಚೆಕ್‌ಸಮ್’ ಎಂಬುದನ್ನು ಆರಿಸಿ. ಸಂಖ್ಯೆಯನ್ನು ಕೈಯಿಂದ ಬದಲಿಸಿದ ವಿಳಾಸವನ್ನು ಅಪೆಕ್ಸ್ ಆಗ ತಿರಸ್ಕರಿಸುತ್ತದೆ.

ಪರೀಕ್ಷೆ ಮತ್ತು ಸ್ಥಳಾಂತರ

ಡೆವಲಪರ್ ತನ್ನ ಐಡಿಯಿಂದಲೇ ಪರೀಕ್ಷಿಸಿ ‘ಸರಿ ಇದೆ’ ಎಂದರೆ ಅದು ಪರೀಕ್ಷೆಯಲ್ಲ. ಪ್ರತಿ ಪಾತ್ರಕ್ಕೂ ಒಂದು ಪರೀಕ್ಷಾ ಖಾತೆ ತೆರೆದು, ಬ್ರೌಸರ್‌ನ ಖಾಸಗಿ ಕಿಟಕಿಯಲ್ಲಿ ಲಾಗಿನ್ ಆಗಿ ನೋಡಬೇಕು. ವ್ಯವಸ್ಥಾಪಕರಾಗಿ ತೆರೆದ ಪಾಸ್ ಪುಟದ ಹೆಸರನ್ನು ಕ್ಯಾಷಿಯರ್ ಸೆಷನ್‌ನ ವಿಳಾಸಪಟ್ಟಿಯಲ್ಲಿ ಹಾಕಿ ನೋಡಿ. ಯಾವ ಪಾತ್ರವೂ ಇಲ್ಲದ ಒಂದು ಖಾತೆಯಿಂದಲೂ ಪ್ರಯತ್ನಿಸಿ. ಅದಕ್ಕೆ ಒಂದು ಪುಟವೂ ತೆರೆಯಬಾರದು.

ಆ್ಯಪ್ ಅನ್ನು ಎಕ್ಸ್‌ಪೋರ್ಟ್ ಮಾಡಿ ನಿಜ ಬಳಕೆಯ ಸರ್ವರ್‌ಗೆ ಸಾಗಿಸುವಾಗ ಪಾತ್ರಗಳು ಮತ್ತು ಸ್ಕೀಮ್‌ಗಳು ಜತೆಗೆ ಹೋಗುತ್ತವೆ. ಯಾರಿಗೆ ಯಾವ ಪಾತ್ರ ಎಂಬ ಹಂಚಿಕೆ, ಅದಕ್ಕೆಂದೇ ಇರುವ ಆಯ್ಕೆಯನ್ನು ಆರಿಸದಿದ್ದರೆ, ಹೋಗುವುದಿಲ್ಲ. ಇದು ಒಳ್ಳೆಯದೇ, ಪರೀಕ್ಷಾ ಖಾತೆಗಳ ಅಧಿಕಾರ ಅಲ್ಲಿಗೆ ಹೋಗುವುದು ಯಾರಿಗೆ ಬೇಕು? ಬಳಕೆದಾರರನ್ನು ವರ್ಕ್‌ಸ್ಪೇಸ್ ಮಟ್ಟದಲ್ಲಿ ಒಟ್ಟುಗೂಡಿಸುವ ಗ್ರೂಪ್‌ಗಳು ಆ್ಯಪ್ ಎಕ್ಸ್‌ಪೋರ್ಟ್‌ನಲ್ಲಿ ಬರುವುದಿಲ್ಲ ಮತ್ತು ಅವುಗಳ ಬಳಕೆ ಅಥೆಂಟಿಕೇಶನ್ ವಿಧಾನಕ್ಕೆ ಕಟ್ಟುಬಿದ್ದಿದೆ. ಹೊಸ ಆ್ಯಪ್‌ಗೆ ಗ್ರೂಪ್ ಬದಲು ಪಾತ್ರಗಳನ್ನೇ ಬಳಸಿ ಎನ್ನಲು ಇದೇ ಕಾರಣ.

ನಿಜ ಬಳಕೆಯ ಸರ್ವರ್‌ನಲ್ಲಿ ಅಪೆಕ್ಸ್‌ನ ರನ್‌ಟೈಮ್ ಮಾತ್ರ ಅಳವಡಿಸಲು ಅವಕಾಶವಿದೆ. ಅಲ್ಲಿ ಆ್ಯಪ್ ಬಿಲ್ಡರ್ ಇರುವುದೇ ಇಲ್ಲ, ಆದ್ದರಿಂದ ‘ಒಂದು ಸಣ್ಣ ತಿದ್ದುಪಡಿ’ ಎಂದು ನೇರವಾಗಿ ಅಲ್ಲೇ ಕೈಯಾಡಿಸುವ ಪ್ರಲೋಭನೆಗೂ ಜಾಗವಿಲ್ಲ.

ದಾಖಲೆ, ಮತ್ತು ಬಿಟ್ಟುಹೋದವರ ಖಾತೆ

ಯಾರು ಯಾವಾಗ ಲಾಗಿನ್ ಆದರು, ಯಾವ ಪುಟ ತೆರೆದರು ಎಂಬುದನ್ನು ಅಪೆಕ್ಸ್ ತಾನೇ ದಾಖಲಿಸುತ್ತದೆ. ಅಡ್ಮಿನಿಸ್ಟ್ರೇಶನ್‌ನ ‘ಮಾನಿಟರ್ ಆ್ಯಕ್ಟಿವಿಟಿ’ಯಲ್ಲಿ ಅದು ಕಾಣುತ್ತದೆ. ಆದರೆ ಈ ದಾಖಲೆ ಎರಡು ಟೇಬಲ್‌ಗಳ ನಡುವೆ ಸರದಿಯಲ್ಲಿ ತುಂಬಿ ಖಾಲಿಯಾಗುತ್ತಿರುತ್ತದೆ. ವಾಡಿಕೆಯ ಅವಧಿ 14 ದಿನ, ಅಂದರೆ ಕೆಲವು ವಾರಗಳ ಹಿಂದಿನ ವಿವರ ಸಿಗುವುದಿಲ್ಲ. ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆಯಾದ ಸರ್ಟ್-ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನವು ಅದರ ವ್ಯಾಪ್ತಿಗೆ ಬರುವ ಸಂಸ್ಥೆಗಳು ಲಾಗ್‌ಗಳನ್ನು 180 ದಿನ ಇಟ್ಟುಕೊಳ್ಳಬೇಕೆನ್ನುತ್ತದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ ತಕ್ಕ ಭದ್ರತಾ ಕ್ರಮ ಕೈಗೊಳ್ಳದ ಲೋಪಕ್ಕೆ ₹250 ಕೋಟಿಯವರೆಗೆ ದಂಡಕ್ಕೆ ಅವಕಾಶವಿದೆ. ಆದ್ದರಿಂದ ಅಪೆಕ್ಸ್‌ನ ಲಾಗ್ ವ್ಯೂಗಳಿಂದ ಪ್ರತಿ ರಾತ್ರಿ ಹೊಸ ಸಾಲುಗಳನ್ನು ಸ್ವಂತ ಟೇಬಲ್‌ಗೆ ನಕಲಿಸುವ ಒಂದು ಷೆಡ್ಯೂಲರ್ ಜಾಬ್ ಇಟ್ಟುಕೊಳ್ಳಿ, ಮತ್ತು ಆ ಟೇಬಲ್‌ನ ಒಡೆತನ ಆ್ಯಪ್ ನಡೆಸುವ ಸ್ಕೀಮಾದ್ದಾಗಿರದಂತೆ ನೋಡಿಕೊಳ್ಳಿ.

ಸಿಬ್ಬಂದಿ ಕೆಲಸ ಬಿಟ್ಟಾಗ ಖಾತೆಯನ್ನು ಅಳಿಸುವ ಮುನ್ನ ಲಾಕ್ ಮಾಡಿ, ಪಾತ್ರಗಳನ್ನು ತೆಗೆಯಿರಿ. ಲಾಕ್ ಮಾಡುವುದರಿಂದ ಹೊಸ ಲಾಗಿನ್ ನಿಲ್ಲುತ್ತದೆಯೇ ಹೊರತು ಆಗಲೇ ತೆರೆದಿರುವ ಸೆಷನ್ ನಿಲ್ಲುವುದಿಲ್ಲ. ಅದರ ಗರಿಷ್ಠ ಅವಧಿ ವಾಡಿಕೆಯಂತೆ ಎಂಟು ಗಂಟೆ. ತುರ್ತಿದ್ದರೆ ವರ್ಕ್‌ಸ್ಪೇಸ್ ನಿರ್ವಾಹಕರು ಸೆಷನ್‌ಗಳ ಪಟ್ಟಿ ತೆರೆದು ಅದನ್ನು ಕೈಯಾರೆ ತೆಗೆಯಬೇಕು. ಹೊರಟವರು ಡೆವಲಪರ್ ಆಗಿದ್ದರೆ ಅವರ ವರ್ಕ್‌ಸ್ಪೇಸ್ ಖಾತೆ ಮುಚ್ಚಿದರೆ ಸಾಲದು. ಸ್ಕೀಮಾಗಳ ಪಾಸ್‌ವರ್ಡ್ ಅವರಿಗೆ ಗೊತ್ತಿದ್ದರೆ ಅವನ್ನೂ, ಮೊಬೈಲ್ ಆ್ಯಪ್‌ಗೆ ಡೇಟಾ ಒದಗಿಸುವ ರೆಸ್ಟ್ ಸೇವೆಗೆ ಕೊಟ್ಟಿದ್ದ ಕ್ಲೈಂಟ್ ಸೀಕ್ರೆಟ್ ಎಂಬ ಗುಪ್ತ ಕೀಲಿ ಇದ್ದರೆ ಅದನ್ನೂ ಬದಲಿಸಬೇಕು. ಅವರು ಕಟ್ಟಿದ ಆ್ಯಪ್‌ಗಳಿಗೆ ಏನೂ ಆಗುವುದಿಲ್ಲ, ಅವು ವರ್ಕ್‌ಸ್ಪೇಸ್‌ಗೆ ಸೇರಿದವು.

ಬಿಟ್ಟುಹೋದವರ ಐಡಿಯನ್ನು ಅದೇ ಹೆಸರಿನ ಹೊಸಬರಿಗೆ ಮತ್ತೆ ಕೊಡಬೇಡಿ. ಕರಾವಳಿಯ ಒಂದು ಶಾಖೆಯಲ್ಲಿ ಒಂದೇ ಹೆಸರು, ಒಂದೇ ಉಪನಾಮದ ಇಬ್ಬರು ಸಿಗುವುದು ಅಪರೂಪವೇನಲ್ಲ; ವೋಚರ್ ಟೇಬಲ್‌ನಲ್ಲಿ ಉಳಿದಿರುವುದು ಐಡಿ ಮಾತ್ರವಾದ್ದರಿಂದ, ಮೂರು ವರ್ಷ ಹಿಂದಿನ ನಮೂದು ಯಾರದ್ದೆಂದು ಲೆಕ್ಕ ಪರಿಶೋಧಕರು ಕೇಳಿದರೆ ಉತ್ತರವಿರುವುದಿಲ್ಲ. ಐಡಿಯ ಕೊನೆಗೆ ಸಿಬ್ಬಂದಿ ಸಂಖ್ಯೆ ಸೇರಿಸುವ ಕ್ರಮವನ್ನು ಮೊದಲ ಖಾತೆಯಿಂದಲೇ ಇಟ್ಟುಕೊಂಡರೆ ಈ ಪ್ರಶ್ನೆ ಬರುವುದಿಲ್ಲ.